ಅಜ್ಜಂಪುರಕ್ಕೆ ಹೌದೆಂದ ಹಲ್ಲಿ

‘ಅದು ಹಲ್ಲಿಯಲ್ಲ ಅಂತ ಈ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ಗೊತ್ತಿದ್ದೂ ಸುಮ್ಮನಿರುವುದು ಸುಳ್ಳು ಹೇಳಿದ ಹಾಗೆಯೇ?’

ಇಷ್ಟು ಬರೆದು ಮಲ್ಲಿಕಾಂಬ ಪೆನ್ನಿನ ಕ್ಯಾಪು ಕಚ್ಚಿಕೊಂಡು ಕೂತಳು. ಬಿ.ಎ. ಮುಗಿಸಿ ಕಡೂರಿನ ಮನೆಗೆ ಮರಳಿದ ಮೇಲೆ ಎರಡು ಡೈರಿ ತುಂಬಿಸಿದ್ದಳು. ಬಾಯಿಬಿಟ್ಟು ಆಡಿದ ಮಾತನ್ನೆಲ್ಲ ಕೂಡಿಸಿದರೆ ಎರಡು ಪುಟವೂ ಆಗುತ್ತಿರಲಿಲ್ಲ.

ನಡುಮನೆಯ ಬಾಗಿಲ ಮೇಲಿಂದ ಮತ್ತೆ ಸದ್ದು ಬಂತು. ಚಿಕ್, ಚಿಕ್. ಅದರ ಹಿಂದೆಯೇ ಅಜ್ಜಿ ಈಶ್ವರಮ್ಮ ಬೆರಳ ಗೆಣ್ಣಿನಿಂದ ನೆಲ ಕುಟ್ಟಿ “ಶಿವ ಶಿವ” ಎಂದದ್ದೂ ಕೇಳಿಸಿತು.

ಅದು ಅಲಾರಂ ಪೆಟ್ಟಿಗೆಯ ಸದ್ದು. ಎಂಬತ್ತೈದರಲ್ಲಿ ಮಂಡಿ ಬೀದಿಯಲ್ಲಿ ಒಂದು ಕಳ್ಳತನವಾಗಿ, ಹೊರಗಿನಿಂದ ಬಂದ ಕಂಪನಿಯೊಂದು ಐದಾರು ವರ್ತಕರ ಮನೆಗೆ ಅಂಥ ಪೆಟ್ಟಿಗೆ ಕೂರಿಸಿತ್ತು. ಪ್ರತಿ ಮನೆಯಿಂದ ಕಂಬದ ಮೇಲೆ ಒಂದೊಂದು ತಂತಿ ಎಳೆದು, ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮಹಡಿ ಕೋಣೆಗೆ ಮುಟ್ಟಿಸಿದ್ದರು. ಅಲ್ಲಿ ಬಲ್ಬುಗಳ ಬೋರ್ಡಿನ ಮುಂದೆ ಒಬ್ಬ ಕಾವಲುಗಾರ. ಯಾವ ಮನೆಯ ಬಾಗಿಲು ಮುರಿದರೆ ಆ ಮನೆಯ ಬಲ್ಬು ಹತ್ತಬೇಕು, ಅವನು ಓಡಿ ಬರಬೇಕು. ಒಂದು ದಿನ ಮಲ್ಲಿಕಾಂಬಳ ತಂದೆ, ಕೊಬ್ಬರಿ ಮಂಡಿಯ ಜಯದೇವಪ್ಪ, ಹೇಳದೆ ಕೇಳದೆ ಮಹಡಿ ಹತ್ತಿ ನೋಡಿದರೆ ಕಾವಲುಗಾರ ಬೋರ್ಡಿಗೇ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದ. ಇದಕ್ಕಿಂತ ನಾಯಿ ವಾಸಿ ಎಂದು ಜಯದೇವಪ್ಪ ಅವತ್ತೇ ಮಗಳ ಕೈಯಲ್ಲಿ ಕಂಪನಿಗೆ ಕಾಗದ ಬರೆಸಿದ. ಕಂಪನಿಯವರು ಬಂದು ಕಂಬದ ಮೇಲೆ ತಂತಿ ಕತ್ತರಿಸಿಕೊಂಡು ಹೋದರು. ಪೆಟ್ಟಿಗೆಯನ್ನು ಹಾಗೇ ಬಿಟ್ಟರು. ಮಾರನೆಯ ದಿನದಿಂದ ಅದು ಗಳಿಗೆಗೊಮ್ಮೆ ಲೊಚಗುಟ್ಟತೊಡಗಿತು.

ಅಜ್ಜಿಗೆ ಕಿವಿ ಸ್ವಲ್ಪ ಮಂದ. ಆಡಿದ ಮಾತಿನ ಮೇಲೆ ಹಲ್ಲಿ ನುಡಿದರೆ ಆ ಮಾತು ನಿಜ ಎನ್ನುವುದರಲ್ಲಿ ಮಾತ್ರ ನಂಬಿಕೆ ಗಟ್ಟಿ. ಅದೇ ವಾರ ಅಜ್ಜಂಪುರದಿಂದ ಮಲ್ಲಿಕಾಂಬಳಿಗೆ ಸಂಬಂಧ ಬಂದಿತ್ತು. ಹುಡುಗನ ಕಡೆಯವರದು ಎಣ್ಣೆ ಮಿಲ್ಲು. ಅಜ್ಜಿ ಬೆಳಗಿನಿಂದ ಸಂಜೆಯವರೆಗೆ ಆಡುವುದೆಲ್ಲ ಅಜ್ಜಂಪುರದ ಮಾತೇ ಆದ್ದರಿಂದ, ಪೆಟ್ಟಿಗೆ ಯಾವಾಗ ಸದ್ದು ಮಾಡಿದರೂ ಅದು ಅಜ್ಜಂಪುರಕ್ಕೇ ಹೌದೆಂದಂತೆ ಆಗುತ್ತಿತ್ತು.

“ಮೂಡಲ ಗೋಡೆ ಹಲ್ಲಿ ಕಣೋ ಜಯದೇವ,” ಎಂದು ಅಜ್ಜಿ ಮಗನಿಗೆ ಹೇಳಿದ್ದಳು. “ಒಂದ್ಸಲ ಅಲ್ಲ, ಹೇಳಿದಾಗೆಲ್ಲ ನುಡಿತೈತೆ. ಇನ್ಯಾರ್ನ ಕೇಳ್ಬೇಕು?”

ಇನ್ಯಾರನ್ನೂ ಕೇಳಲಿಲ್ಲ. ಹಗಲೆಲ್ಲ ಮಂಡಿಯಲ್ಲೇ ಇರುವ ಜಯದೇವಪ್ಪ ತಾಯಿ ಹೇಳಿದ್ದನ್ನೇ ನಂಬಿದ. ಮಲ್ಲಿಕಾಂಬಳ ಅವ್ವ ದೊಡ್ಡ ಮಗಳ ಬಾಣಂತನಕ್ಕೆಂದು ಹಿರೇನಲ್ಲೂರಿಗೆ ಹೋಗಿ ತಿಂಗಳಾಗಿತ್ತು. ನಾಳೆ ಬೆಳಗಿನ ಬಸ್ಸಿಗೆ ಅಜ್ಜಂಪುರಕ್ಕೆ ಹೋಗಿ ಒಪ್ಪಿಗೆ ಹೇಳಿ ಬರುವುದೆಂದು ಜಯದೇವಪ್ಪ ತೀರ್ಮಾನ ಮಾಡಿಬಿಟ್ಟಿದ್ದ.

ಮಲ್ಲಿಕಾಂಬ ಮೊದಲ ದಿನವೇ ‘ಅಜ್ಜಿ, ಅದು ಪೆಟ್ಟಿಗೆ’ ಎನ್ನಬಹುದಿತ್ತು. ಎಂದರೆ ಅಪ್ಪ ತಕ್ಷಣ ಅದನ್ನು ಕಿತ್ತು ಅಟ್ಟಕ್ಕೆ ಎಸೆಯುತ್ತಿದ್ದ. ಎಸೆದರೆ ರಿಪೇರಿಗೆ ಯಾರೂ ಬರಬೇಕಾಗಿರಲಿಲ್ಲ. ಆ ಯಾರೋ ಬರಲಿ ಎಂದು ತಾನೇಕೆ ಬಯಸುತ್ತಿದ್ದೇನೆ ಎನ್ನುವುದು ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಡೈರಿಯಲ್ಲೂ ಅವನನ್ನು ‘ಕ.’ ಎಂದಷ್ಟೇ ಬರೆದಿದ್ದಳು.

ಕ. ಎಂದರೆ ಕರಿಸಿದ್ದಪ್ಪ, ತರೀಕೆರೆಯವನು. ಕಂಪನಿಯ ಮೆಕ್ಯಾನಿಕ್ ಆಗಿ ಹನ್ನೊಂದು ತಿಂಗಳು, ತಿಂಗಳಿಗೊಮ್ಮೆ ಪೆಟ್ಟಿಗೆ ನೋಡಲು ಬಂದಿದ್ದ. ಅವನು ಏಣಿಯ ಮೇಲೆ, ಅವಳು ತಲೆಬಾಗಿಲಲ್ಲಿ. ಅವನು “ತೆಗೀರಿ” ಎಂದಾಗ ಬಾಗಿಲು ತೆಗೆಯಬೇಕು, “ಹಾಕಿ” ಎಂದಾಗ ಹಾಕಬೇಕು. ಹನ್ನೊಂದು ತಿಂಗಳಲ್ಲಿ ಇಬ್ಬರ ನಡುವೆ ನಡೆದ ಮಾತುಕತೆ ಬಹುಮಟ್ಟಿಗೆ ಈ ಎರಡೇ ಮಾತು. ಆದರೆ ಎಂಟನೆಯ ತಿಂಗಳು ಅವನು “ಹಾಕಿ” ಅನ್ನುವುದನ್ನೇ ಮರೆತ. ಅವಳು ಬಾಗಿಲು ಹಿಡಿದುಕೊಂಡು ತಿರುಗಿ ನೋಡಿದಳು. ಅವನು ಕಿವಿಯ ಮೇಲಿದ್ದ ಪೆನ್ಸಿಲನ್ನು ಪೆಟ್ಟಿಗೆಯೊಳಗೆಲ್ಲ ಹುಡುಕುತ್ತಿದ್ದ. ಅವಳು ತನ್ನ ಕಿವಿ ಮುಟ್ಟಿ ತೋರಿಸಿದಳು. ಅವನು ನಕ್ಕ. ಅದನ್ನು ಬರೆಯುವುದಕ್ಕೆ ಅವಳಿಗೆ ಅವತ್ತು ನಾಲ್ಕು ಪುಟ ಬೇಕಾಯಿತು.

ಈಗ ಅವನು ಕಂಪನಿ ಬಿಟ್ಟು ತರೀಕೆರೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾನೆಂದು ತಂತಿ ಕತ್ತರಿಸಲು ಬಂದವರೇ ಹೇಳಿದ್ದರು. ಮನೆಯ ಕಾಗದಗಳನ್ನೆಲ್ಲ ಬರೆಯುವವಳು ಅವಳೇ. ಮೂರು ದಿನದ ಹಿಂದೆ ಒಂದು ಕಾರ್ಡು ತೆಗೆದುಕೊಂಡು, ‘ಪೆಟ್ಟಿಗೆ ಸದ್ದು ಮಾಡುತ್ತಿದೆ, ಬಂದು ನೋಡುವುದು’ ಎಂದು ಬರೆದು, ಕೆಳಗೆ ಜಯದೇವಪ್ಪ ಎಂದು ಹೆಸರು ಹಾಕಿ, ಅಂಚೆ ಡಬ್ಬಿಗೆ ಹಾಕಿ ಬಂದಿದ್ದಳು.

ಅವನು ಮಧ್ಯಾಹ್ನದ ರೈಲಿಗೆ ಬಂದ. ಚೀಲ ಇಟ್ಟ, ಏಣಿ ಕೇಳಿದ, ಅವಳ ಮುಖ ನೋಡಲಿಲ್ಲ. ಅಜ್ಜಿ ಹಿತ್ತಲಿನಲ್ಲಿ ಹುಣಿಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಕರೆಂಟಿರಲಿಲ್ಲವಾಗಿ ಮಲ್ಲಿಕಾಂಬ ಟಾರ್ಚು ಹಿಡಿದು ಏಣಿಯ ಬುಡದಲ್ಲಿ ನಿಂತಳು.

“ಸ್ವಲ್ಪ ಎಡಕ್ಕೆ,” ಎಂದ. ಅವಳು ಬಲಕ್ಕೆ ಹಿಡಿದಳು.

“ನಿಮ್ಮ ಎಡ ಅಲ್ಲ, ನನ್ನ ಎಡ.” ಆಮೇಲೆ, ಬೆನ್ನು ತೋರಿಸಿಕೊಂಡೇ, “ಈ ಕಾರ್ಡು ನಿಮ್ಮ ತಂದೆಯವರು ಬರೆಸಿದ್ದಾ, ನೀವೇ ಬರೆದದ್ದಾ?” ಎಂದು ಕೇಳಿದ.

“ಅಕ್ಷರ ನನ್ನದು.”

“ಅಕ್ಷರ ಯಾರದು ಅಂತ ನಾನು ಕೇಳ್ಲಿಲ್ಲ. ಅದು ಗುರ್ತಿದೆ. ‘ತಮ್ಮ ಕಡೆಯವರು ಇನ್ನು ಮುಂದೆ ಬರುವುದು ಬೇಡ’ ಅಂತ ದುಂಡಗೆ ಬರೆದಿದ್ರಲ್ಲ, ಕಂಪನಿಯೋರು ಅದನ್ನ ನನ್ನ ಕೈಗೇ ಕೊಟ್ಟಿದ್ರು. ಬಾಯಿಪಾಠ ಆಗಿದೆ.”

ಅವಳ ಕೈಯಲ್ಲಿದ್ದ ಟಾರ್ಚಿನ ಬೆಳಕು ಪೆಟ್ಟಿಗೆ ಬಿಟ್ಟು ಸೂರಿಗೆ ಹೋಯಿತು. ಅದು ಅಪ್ಪ ಹೇಳಿ ಬರೆಸಿದ್ದು, ಅವತ್ತು ಆ ಸಾಲು ಬರೆಯುವಾಗ ನನಗೆ ಶಾಯಿ ಕಾಣುತ್ತಿರಲಿಲ್ಲ ಎನ್ನಬೇಕೆನಿಸಿತು. “ಅದು…” ಎಂದಳು. ಅವನು ಕಾದ. ತಿರುಗಿ ಕೆಳಗೆ ನೋಡಿದ. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಅವನ ಕಣ್ಣು ಅವಳ ತುಟಿಯ ಮೇಲೆ, ಅಲ್ಲಿಂದ ಏನಾದರೂ ಬೀಳಬಹುದೇನೋ ಎಂಬಂತೆ, ನಿಂತಿತು. ಪೆಟ್ಟಿಗೆ ಲೊಚಗುಟ್ಟಿತು. ಅವನು ಮತ್ತೆ ಮೇಲೆ ನೋಡಿದ.

“ಇದೇನೂ ಕೆಟ್ಟಿಲ್ಲ. ಆ ತುದೀಲಿ ಯಾರಾದ್ರೂ ಇದಾರಾ ಅಂತ ತಂತಿ ಮೇಲೆ ನೋಡ್ಕೊಂತಾನೇ ಇರ್ತದೆ. ತಂತಿ ಕತ್ತರಿಸಿದೀರಿ. ಯಾರೂ ಇಲ್ಲ, ಯಾರೂ ಇಲ್ಲ ಅಂತ ಹೇಳ್ತಾ ಐತೆ, ಅಷ್ಟೇ.”

ಹೇಗೆ ಸುಮ್ಮನಾಗಿಸುವುದೆಂದು ಅವಳು ಕೇಳಿದಳು. ಎರಡು ದಾರಿ ಇದೆಯೆಂದು ಅವನು ವಿವರಿಸಿದ. ಅಕ್ಕಿಕಾಳಿಗಿಂತ ಚೂರು ದೊಡ್ಡದಾದ, ಮೈಮೇಲೆ ಬಣ್ಣದ ಪಟ್ಟಿಯಿರುವ ಒಂದು ರೆಸಿಸ್ಟರ್ ಸಿಕ್ಕಿಸಿದರೆ ಆ ತುದಿಯಲ್ಲಿ ಯಾರೋ ಇದ್ದಾರೆಂದೇ ಪೆಟ್ಟಿಗೆ ನಂಬಿಕೊಳ್ಳುತ್ತದೆ. ಇಲ್ಲವಾದರೆ ಬ್ಯಾಟರಿ ಬಿಚ್ಚಿ ಪೂರ್ತಿ ಮುಗಿಸಿಬಿಡಬಹುದು.

“ಸುಳ್ಳು ಹೇಳಿ ಸುಮ್ನಿರಿಸ್ಲಾ, ಬಿಚ್ಚಿ ಸುಮ್ನಿರಿಸ್ಲಾ? ನೀವು ಹೇಳಿದ ಹಾಗೆ.”

ಅವನು ಕೇಳಿದ್ದು ಪೆಟ್ಟಿಗೆಯ ಬಗ್ಗೆಯೋ, ಬೇರೆಯದರ ಬಗ್ಗೆಯೋ? ಅವಳಿಗೆ ತಿಳಿಯಲಿಲ್ಲ. ಅವನಿಗೂ ಪೂರ್ತಿ ತಿಳಿದಿತ್ತೆಂದು ಹೇಳಲಾಗುವುದಿಲ್ಲ. ಉತ್ತರ ಹುಡುಕುತ್ತಿರುವಾಗಲೇ ಅಜ್ಜಿ ಹುಣಿಸೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಳಗೆ ಬಂದಳು.

“ಯಾರಪ್ಪಾ ಅದು ಮೇಲೆ? ಮೆಲ್ಲಗೆ ಕಣಪ್ಪಾ, ಅಲ್ಲೊಂದು ಹಲ್ಲಿ ಐತೆ. ಅದನ್ನ ಓಡಿಸ್ಬ್ಯಾಡ. ನಮ್ಮ ಹುಡುಗಿ ಮದ್ವೆ ಕುದುರಿಸಿದ ಹಲ್ಲಿ ಅದು.”

ಆಮೇಲೆ ಅಜ್ಜಿ ಅಜ್ಜಂಪುರದ ಮನೆ, ಮಿಲ್ಲು, ನಾಳೆಯ ಬಸ್ಸು ಎಲ್ಲವನ್ನೂ ಏಣಿಯ ಮೇಲಿದ್ದವನಿಗೆ ಒಂದೂ ಬಿಡದೆ ಹೇಳಿದಳು. ನಡುವೆ ಪೆಟ್ಟಿಗೆ ಒಮ್ಮೆ ಸದ್ದು ಮಾಡಿತು. ಅಜ್ಜಿ ನೆಲ ಕುಟ್ಟಿದಳು. ಕರಿಸಿದ್ದಪ್ಪ ಪೆಟ್ಟಿಗೆ ನೋಡಿದ, ಅಜ್ಜಿಯನ್ನು ನೋಡಿದ, ಕೊನೆಗೆ ಮಲ್ಲಿಕಾಂಬಳನ್ನು ನೋಡಿದ. ಇವಳಿಗೆ ಗೊತ್ತು, ಗೊತ್ತಿದ್ದೂ ಹೇಳಿಲ್ಲ ಎಂದು ಅವನ ಮುಖ ಲೆಕ್ಕ ಹಾಕುತ್ತಿರುವುದು ಅವಳಿಗೆ ಕಾಣಿಸಿತು. ಆ ಲೆಕ್ಕ, ಹಾಗಾದರೆ ಇವಳಿಗೂ ಅಜ್ಜಂಪುರ ಒಪ್ಪಿಗೆಯೇ ಎಂದು, ತಪ್ಪು ಕಡೆಗೆ ಹೋಗುತ್ತಿರುವುದೂ ಕಾಣಿಸಿತು.

“ಒಳ್ಳೇದಾಯ್ತು ಬಿಡ್ರಿ,” ಎಂದ ಅವಳಿಗಷ್ಟೇ ಕೇಳುವಂತೆ. “ಹಂಗಾದ್ರೆ ಬಿಚ್ಚೇಬಿಡೋಣ.”

ನಾಲ್ಕು ಸ್ಕ್ರೂ ತಿರುಗಿಸಿ, ಬ್ಯಾಟರಿ ಸಮೇತ ಪೆಟ್ಟಿಗೆಯನ್ನು ತೋಳಲ್ಲಿ ಅವುಚಿಕೊಂಡು ಅವನು ಇಳಿಯುತ್ತಿರುವಾಗ ಜಯದೇವಪ್ಪ ಮಂಡಿಯಿಂದ ಬಂದ. ಅಜ್ಜಂಪುರಕ್ಕೆ ಒಯ್ಯಲು ವೀಳ್ಯದೆಲೆಯ ಕಟ್ಟು ಅವನ ಕೈಯಲ್ಲಿತ್ತು. ಅವನು ಏನಾದರೂ ಕೇಳುವ ಮೊದಲೇ ಪೆಟ್ಟಿಗೆ, ಕರಿಸಿದ್ದಪ್ಪನ ಎದೆಗೊರಗಿಕೊಂಡೇ, ಎರಡು ಸಲ ಲೊಚಗುಟ್ಟಿತು.

ನೆಲ ಕುಟ್ಟಲು ಬಾಗಿದ ಅಜ್ಜಿಯ ಕೈ ಅರ್ಧಕ್ಕೆ ನಿಂತಿತು.

“ಹಲ್ಲಿ ನಿನ್ನ ಕೈಯಾಗೆ ಐತಲ್ಲಪ್ಪಾ?”

ಇನ್ನೊಬ್ಬರ ಮನೆಯ ಮಾತಿಗೆ ಬಾಯಿ ಹಾಕುವವನಲ್ಲ ಅವನು. ಆದರೆ ಕೈಯಲ್ಲಿರುವುದನ್ನು ಬಚ್ಚಿಡುವ ಹಾಗೂ ಇರಲಿಲ್ಲ. ಬ್ಯಾಟರಿಯ ತಂತಿ ಎಳೆದ. ಮನೆಯಲ್ಲಿ ಹತ್ತು ದಿನಗಳಿಂದ ಇಲ್ಲದ ನಿಶ್ಶಬ್ದ ಆವರಿಸಿತು. ಅಜ್ಜಿ ಆ ನಿಶ್ಶಬ್ದದಲ್ಲಿ ಒಮ್ಮೆ “ಅಜ್ಜಂಪುರ” ಎಂದು ಹೇಳಿ ನೋಡಿದಳು. ಯಾರೂ ನುಡಿಯಲಿಲ್ಲ. ಮುದುಕಿ ನಿಧಾನಕ್ಕೆ ಮಣೆಯ ಮೇಲೆ ಕುಳಿತಳು.

ಜಯದೇವಪ್ಪ ಎಲೆಯ ಕಟ್ಟನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಅದನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಹಲ್ಲಿಯೇ ಅಲ್ಲದಿದ್ದರೆ ತಾನು ಯಾರ ಮಾತು ನಂಬಿ ಹೊರಟಿದ್ದೆ ಎಂದು ತನಗೆ ತಾನೇ ಗೊಣಗಿಕೊಂಡ. ಮತ್ತೆ ಮೆಕ್ಯಾನಿಕ್ಕಿನ ಕಡೆ ತಿರುಗಿ, ಕರಿಸಿದ್ದಪ್ಪ ಅಲ್ಲವೇ, ಸರ್ವೀಸು ಬೇಡವೆಂದು ಆಗಲೇ ಬರೆಸಿದ್ದೆನಲ್ಲ ಎಂದ. ಕರಿಸಿದ್ದಪ್ಪ ಜೇಬಿನಿಂದ ಕಾರ್ಡು ತೆಗೆದು ಮುಂದೆ ಹಿಡಿದ.

ಜಯದೇವಪ್ಪ ಓದಿದ. ಕೆಳಗೆ ತನ್ನದೇ ಹೆಸರು.

“ನಾನು ಇದನ್ನ ಬರೆಸೇ ಇಲ್ಲ. ನಿನ್ನ ಕರೆಸಿದ್ದು ಯಾರಪ್ಪಾ?”

ಕರಿಸಿದ್ದಪ್ಪ ತಲೆ ತಗ್ಗಿಸಿದ. ಗೊತ್ತಿಲ್ಲ ಎಂದುಬಿಟ್ಟರೆ ಅವಳು ಪಾರಾಗುತ್ತಿದ್ದಳು. ಅವನು ಹಾಗೇ ಹೇಳಿಬಿಡುವ ಹುಡುಗ ಎಂದು ಅವಳಿಗೆ ಗೊತ್ತಿತ್ತು. ಅವನ ತುಟಿ ಆಗಲೇ ತೆರೆದಿತ್ತು. ಚೀಲ ಹೆಗಲಿಗೇರಲು ಇನ್ನು ಒಂದು ನಿಮಿಷ, ರೈಲಿಗೆ ಅರ್ಧ ಗಂಟೆ, ಅಜ್ಜಂಪುರದ ಬಸ್ಸಿಗೆ ಒಂದು ರಾತ್ರಿ. ಮಲ್ಲಿಕಾಂಬ ಒಂದು ಹೆಜ್ಜೆ ಮುಂದೆ ಬಂದಳು. ಮೊದಲ ಬಾರಿಗೆ ಮಾತು ಡೈರಿಗೆ ಹೋಗದೆ ಹೊರಗೇ ಬಂತು.

“ನಾನು ಅಪ್ಪಾಜಿ,” ಎಂದಳು. “ಪೆಟ್ಟಿಗೆ ನೋಡೋಕಲ್ಲ. ಹೆಣ್ಣು ನೋಡೋಕೆ ಬರ್ಲಿ ಅಂತ ಕರೆಸಿದ್ದು.”