ಅಳಿವೆಯ ಬಾಯಲ್ಲಿ ಕೊಟ್ಟ ಮಾತು

ತನ್ನ ಒಡೆದ ದೋಣಿಯ ಹಲಗೆಗಳನ್ನು ಊರವರು ಒಲೆಗೆಂದು ಹೊತ್ತೊಯ್ದ ದಿನ ಗೋವರ್ಧನನ ಎದೆಯೊಳಗೆ ಹತ್ತಿದ ಬೆಂಕಿ ವರ್ಷ ಕಳೆದರೂ ಆರಲಿಲ್ಲ. ದೇವರೆದುರು ಕೈಮುಗಿದರೂ ಬಾಯಿಗೆ ಬರುತ್ತಿದ್ದುದು ಲೀಲಾಧರನ ಹೆಸರು.

ನಾವುಂದದ ಮೀನುಗಾರರ ಸಂಘ 2017ರಲ್ಲಿ ಪ್ರತಿ ದೋಣಿಯ ಫೋನಿಗೂ ಒಂದೊಂದು ‘ದಲ್ಲಾಳಿ’ ಹಾಕಿಸಿತ್ತು. ಮನುಷ್ಯನಲ್ಲ, ಸಾಫ್ಟ್‌ವೇರು. ಹೊಳೆ ಕಡಲು ಸೇರುವ ಅಳಿವೆಯ ಇಕ್ಕಟ್ಟಿನಲ್ಲಿ ಯಾರು ಮೊದಲು ಒಳಗೆ ಬರಬೇಕು, ಇಂಜಿನು ಸೋತ ದೋಣಿಗೆ ಯಾರು ಜೊತೆ ನಿಲ್ಲಬೇಕು ಎಂದು ದಲ್ಲಾಳಿಗಳೇ ಚೌಕಾಸಿ ಮಾಡಿ ತೀರ್ಮಾನಿಸುತ್ತಿದ್ದವು. ಎಲ್ಲ ದಲ್ಲಾಳಿಗಳೂ ಎಲ್ಲರ ಹಿತ ನೋಡಬೇಕೆಂದು ಸಂಘದ ಕಟ್ಟಳೆ. ಲೀಲಾಧರ ಮಾತ್ರ ತನ್ನದನ್ನು ಗುಟ್ಟಾಗಿ ‘ಸ್ವಂತ ಲಾಭ’ಕ್ಕೆ ತಿರುಗಿಸಿಟ್ಟಿದ್ದ. ಅದು ಗೋವರ್ಧನನ ಸರದಿಯನ್ನು ಕಿತ್ತುಕೊಂಡ ದಿನ ನೀರು ಇಳಿದು, ಅವನ ದೋಣಿ ಮರಳದಿಬ್ಬಕ್ಕೆ ಬಡಿದು ಸೀಳಿತು.

“ನಾ ಎಂತ ಮಾಡುದ್ ಮಾರಾಯಾ? ಮಷಿನ್ ಮಷಿನ್ ಮಾತಾಡ್ಕಂಡದ್. ಬೇಕಾರೆ ಅದ್ರ್ ಮೇಲೇ ಕೇಸ್ ಹಾಕ್!” ಎಂದ ಲೀಲಾಧರ, ಸಂಘದ ಸಭೆಯಲ್ಲಿ. ಸಭೆ ನಕ್ಕಿತು.

ಆ ನಗುವೇ ಗೋವರ್ಧನನಿಗೆ ದಾರಿ ತೋರಿಸಿತು. ಯಂತ್ರ ಮಾಡಿದ್ದಕ್ಕೆ ಮನುಷ್ಯ ಹೊಣೆಯಲ್ಲ ತಾನೇ?

ಮಾವನ ದೋಣಿ ನಡೆಸುತ್ತ ಮೂರು ತಿಂಗಳು ಅವನು ಲೀಲಾಧರನ ದಲ್ಲಾಳಿಯನ್ನು ಕೆಣಕಿ ನೋಡಿದ. ಎರಡು ಪೆಟ್ಟಿಗೆ ಐಸಿನ ಆಸೆಗೆ ಅದು ತನಗೆ ಜೊತೆ ನಿಲ್ಲಬೇಕಿದ್ದ ದೋಣಿಯನ್ನು ಬಿಟ್ಟುಕೊಟ್ಟಿತು. ಮರುವಾರ ಒಂದು ಸರದಿಯ ಆಸೆಗೆ ಹಾಗೆಯೇ ಮಾಡಿತು. ಲಾಭ ಕಂಡರೆ ಅದು ಒಡೆಯನ ಪ್ರಾಣವನ್ನೂ ಮಾರುತ್ತದೆಂದು ಖಾತ್ರಿಯಾಯಿತು. ಅವನ ಹೂಟ ಇಷ್ಟೇ: ಗಾಳಿಯ ದಿನ ಲೀಲಾಧರನ ಜೊತೆಗಿರುವ ಮಾತು ಕೊಡಬೇಕು, ಉಳಿದವರು ನಿಶ್ಚಿಂತೆಯಿಂದ ಒಳಗೆ ಹೋಗಬೇಕು. ಆಮೇಲೆ ಆ ಮಾತಿನಿಂದ ಲೀಲಾಧರನ ದಲ್ಲಾಳಿಯ ಬಾಯಿಂದಲೇ ಬಿಡುಗಡೆ ಪಡೆಯಬೇಕು. ಎಲ್ಲವೂ ಸಂಘದ ಕಂಪ್ಯೂಟರಿನಲ್ಲಿ ದಾಖಲಾಗಲಿ. ದೋಣಿಯಲ್ಲಿರುವವರ ಗತಿ? ಅದನ್ನು ಯೋಚಿಸಲು ಸಿಟ್ಟು ಬಿಡಲಿಲ್ಲ.

ನವರಾತ್ರಿ ಕಳೆದ ವಾರ ಗಾಳಿ ಎದ್ದಿತು. ಲೀಲಾಧರನ ಇಂಜಿನು ಕೆಮ್ಮುತ್ತಿತ್ತು. ಅವನ ದಲ್ಲಾಳಿ ಜೊತೆ ಬೇಡಿತು. ಗೋವರ್ಧನನದು ಮೊದಲು ಒಪ್ಪಿತು. ಉಳಿದ ದೋಣಿಗಳು ಒಳಸೇರಿದವು. ಆಗ ಗೋವರ್ಧನ ಎರೆ ಹಾಕಿದ: ತಿಂಗಳಿಡೀ ನನ್ನ ಸರದಿ ನಿನಗೆ, ಇವತ್ತು ನನ್ನನ್ನು ಬಿಡು. ರೆಪ್ಪೆ ಬಡಿಯುವುದರೊಳಗೆ ಒಪ್ಪಿಗೆ ಬಂತು.

“ಹ್ವಾಯ್, ಅವ್ನನ್ ಬಿಟ್ಟ್ ಹೋಪುದಾ?” ಎಂದ ಚುಕ್ಕಾಣಿ ಹಿಡಿದಿದ್ದ ಪಾಂಡು.

“ಅವ್ನ್ ಮಷಿನೇ ಬೇಡ ಅಂದಿತ್. ನೀ ಬಾಯ್ ಮುಚ್ಕಂಡ್ ದೋಣಿ ತಿರ್ಗ್ಸ್.”

ಒದ್ದೆ ಕೈಯವರಿಗೆಂದು ಕೊನೆಯ ಒಪ್ಪಿಗೆಯನ್ನು ಬಾಯಲ್ಲೇ ಹೇಳುವ ಏರ್ಪಾಡಿತ್ತು. ‘ಹೊರಡುತ್ತೀರೋ, ಜೊತೆಗೆ ಬರುತ್ತೀರೋ?’ ಎಂದು ಕೇಳಿತು ಫೋನು. ಗೋವರ್ಧನ ಒಂದೇ ಮಾತು ಹೇಳಿ ಅದನ್ನು ಡಬ್ಬಿಯೊಳಗೆ ಹಾಕಿದ. ಅದು ಮತ್ತೇನೋ ಹೇಳಿತು, ಗಾಳಿಯಲ್ಲಿ ಕೇಳಿಸಲಿಲ್ಲ.

ಮರುದಿನ ಪೊಲೀಸರು ಸಂಘದ ಕಚೇರಿಯಲ್ಲಿ ಆ ಧ್ವನಿಯನ್ನು ಹಾಕಿಸಿದಾಗ ಗೋವರ್ಧನ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗಾಳಿ ಸುಂಯ್ಗುಟ್ಟಿತು, ಅದರ ನಡುವೆ ಅವನದೇ ಗಂಟಲು ಸ್ಪಷ್ಟವಾಗಿ ‘ಬತ್ತೆ’ ಎಂದಿತು. ಕಡಲ ಮೇಲೆ ಹೊರಡುವವನು ‘ಹೋತೆ’ ಎನ್ನುವುದುಂಟೇ? ಅಪ್ಪ ಅಂದಿರಲಿಲ್ಲ, ಅಜ್ಜ ಅಂದಿರಲಿಲ್ಲ. ಆ ಅಪಶಕುನದ ಮಾತಿಗೆ ಅವನ ನಾಲಗೆಯೂ ಹೊರಳಿರಲಿಲ್ಲ. ಯಂತ್ರಕ್ಕೆ ಆ ಭಯಭಕ್ತಿ ಎಲ್ಲಿಯದು? ಬರುತ್ತೇನೆ ಅಂದರೆ ಬರುತ್ತೇನೆ ಎಂದೇ ತಿಳಿದು ಅದು ಬಿಡುಗಡೆಯ ಒಪ್ಪಂದವನ್ನು ಅಳಿಸಿ, ಕೊಟ್ಟ ಮಾತನ್ನು ಉಳಿಸಿ, ಜೊತೆದೋಣಿ ಬರುತ್ತಿದೆಯೆಂದು ಲೀಲಾಧರನಿಗೂ ತಿಳಿಸಿತ್ತು. ಹೊರಟೆ ಎಂದೇ ನಾನು ಹೇಳಿದ್ದು ಎನ್ನಲು ಗೋವರ್ಧನ ಬಾಯಿ ತೆರೆದ; ಹಾಗೆಂದರೆ ಬೇಕೆಂದೇ ಬಿಟ್ಟುಹೋದೆನೆಂದು ತಾನೇ ಒಪ್ಪಿದಂತೆ, ಹೇಳದಿದ್ದರೆ ಕೊಟ್ಟ ಮಾತಿಗೆ ತಪ್ಪಿದಂತೆ. ದೋಣಿ ಕಳೆದುಕೊಂಡು, ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡಿದ್ದ ಲೀಲಾಧರ ಅವನನ್ನೇ ನೋಡಿದ. “ಬತ್ತೆ ಅಂದಿದ್ಯಲ್ದಾ? ಲಂಗರ್ ಎತ್ತಿ ಅಳ್ವಿ ಬಾಯಂಗ್ ನಿಂಗೇ ಕಾಯ್ತಾ ನಿಂತಿದ್ದೆ ಮಾರಾಯಾ.”