ಎಂಟು ತೂತಿನ ಹಲಗೆ

ಫ್ಲೆಕ್ಸ್ ಬಂದು ಸೇಡಂನ ಪೇಂಟರ್ ಸೂಗಪ್ಪನ ಕುಂಚಕ್ಕೆ ಜೇಡರಬಲೆ ಕಟ್ಟಿ ಆರು ವರ್ಷ. ಶಹಾಬಾದಿನ ಸ್ಕೇಟಿಂಗ್ ಮೈದಾನದ ಉದ್ದ ಗೋಡೆಗೆ ಚಿತ್ರ ಬರೆಯುವ ಕೆಲಸವೂ ಕೈ ತಪ್ಪಿದರೆ ಮುಗೀತು, ಅಂಗಡಿಗೆ ಕೀಲಿ. ಆ ಕೆಲಸ ಯಾರಿಗಂತೆ? ಸ್ಕೇಟ್‌ಬೋರ್ಡಿನ ಹಲಗೆ ಮೇಲೆ ಎಲ್ಲರಿಗಿಂತ ಚೆಂದ ಚಿತ್ರ ಬರೆದವರಿಗಂತೆ! ಸ್ಪರ್ಧೆಯವರು ಬೀದಿಗೋಡೆ ಗೀಚುವ ಹುಡುಗರನ್ನು ಕರೆಕರೆದು ಹಲಗೆ ಕೊಟ್ಟರು. ಸೂಗಪ್ಪನಿಗೆ ಮಾತ್ರ, "ಬೇಕಾದ್ರ ನಿಮ್ಮ ಹಲಗಿ ನೀವೇ ತರ್ರಿ ಕಾಕಾ" ಅಂದರು. ಅವನ ಹತ್ತಿರವೇ ಕುಂಚ ಹಿಡಿಯಲು ಕಲಿತ ಕಪಿಲನಿಗಾದರೆ ಮನೆಗೇ ತಂದುಕೊಟ್ಟರು. ಸೂಗಪ್ಪನ ಹೊಟ್ಟೆಗೆ ಬೆಂಕಿ ಬಿತ್ತು.

ಕಪಿಲ ತನ್ನ ತಾಯಿ ಅನಸುಬಾಯಿಯನ್ನು ಬರೆದಿದ್ದ. ತಲೆ ಮೇಲೆ ಕಲ್ಲಿನ ಬುಟ್ಟಿ, ನೀಲಿ ಸೀರೆ, ಗದ್ದದ ಮೇಲೆ ಮೂರು ಹಚ್ಚೆಚುಕ್ಕಿ. ಭಾಳ ಚೆಂದಿತ್ತು. ಅದೇ ಸಂಕಟ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತಾಯಿ ಮಗ ಸುಲೇಪೇಟಕ್ಕೆ ಮದುವೆಗೆ ಹೋದ ಮಧ್ಯಾಹ್ನ ಸೂಗಪ್ಪ ಅವರ ಮನೆ ಹೊಕ್ಕ. ಕೀಲಿ ಇಡುವ ಗೂಡು ಅವನಿಗೆ ಗೊತ್ತೇ ಇತ್ತು. ಹಲಗೆಯನ್ನು ಗೋಣಿಚೀಲದಲ್ಲಿ ಸುತ್ತಿ ತಂದ. ಸುಟ್ಟರೆ ಹೊಗೆ, ಕಾಗಿಣಾ ಹೊಳೆಗೆ ಎಸೆದರೆ ತೇಲುತ್ತದೆ. ಕದ್ದದ್ದನ್ನು ಬಚ್ಚಿಡಲು ತನ್ನದೇ ಚಿತ್ರದ ಅಡಿಗಿಂತ ಒಳ್ಳೆ ಜಾಗ ಎಲ್ಲಿದೆ? ಕೇಳಿದವರಿಗೆ ಹೈದರಾಬಾದಿನಿಂದ ತರಿಸಿದೆ ಅಂದರಾಯಿತು. ಹಳೇ ಬಣ್ಣ ಉಜ್ಜಿ ತೆಗೆಯುವ ಗೋಜಿಗೂ ಹೋಗಲಿಲ್ಲ. ಹಳೇ ಬಣ್ಣದಂಥ ತಳ ಹೊಸ ಕಟ್ಟಿಗೆಗೂ ಇರುವುದಿಲ್ಲ ಎಂಬುದು ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದವನ ಶಾಸ್ತ್ರ. ಎರಡು ಸಲ ಬಿಳಿ ಬಳಿದ. ಯಾವ ದರಿದ್ರ ಬಡಗಿ ಹಿಂಗ ಹಾಳು ಮಾಡ್ಯಾನೋ ಎಂದು ಬೈಯುತ್ತ, ಹಲಗೆಯಲ್ಲಿದ್ದ ಎಂಟು ತೂತಿಗೂ ಪುಟ್ಟಿ ತುಂಬಿದ. ಮೇಲೆ ವಾಡಿ ಜಂಕ್ಷನ್ನಿನ ಕೆಂಪು ರೈಲು ಬರೆದ.

ಕಪಿಲ ಅಂಗಡಿಗೆ ಬಂದು ಅತ್ತ. "ಕಾಕಾ, ಅವ್ವನ ಚಿತ್ರ ಯಾರೋ ಹೊಡ್ಕೊಂಡು ಹೋದ್ರು."

"ಹೋಗ್ಲಿ ಬಿಡೋ ತಮ್ಮಾ, ಮತ್ತೊಂದು ಬರೀತಿ," ಎಂದು ಸೂಗಪ್ಪ ಚಹಾ ಕುಡಿಸಿದ. ಒಣಗಲಿಟ್ಟ ರೈಲು ಕಪಿಲನ ಬೆನ್ನ ಹಿಂದೆಯೇ ಇತ್ತು.

ರೈಲೇ ಗೆದ್ದಿತು. ಸ್ಪರ್ಧೆ ನಡೆಸುವ ಸಪ್ನಾ ಹಲಗೆ ತಿರುವಿ ನೋಡಿ ನಕ್ಕಳು. "ಗಾಲಿ ತೂತು ಯಾಕ ಮುಚ್ಚೀರಿ ಕಾಕಾ?"

"ಗಾಲಿ ಯಾತಕ್ಕವ್ವಾ? ಗ್ವಾಡಿಗಿ ತೂಗಹಾಕೂದಲ್ಲೇನು?"

"ಗ್ವಾಡಿಗಿ ಆಮ್ಯಾಲ. ಗೆದ್ದ ಹಲಗಿ ಮೊದಲು ಕಲ್ಲ ಮ್ಯಾಲ ಜಾರಬೇಕ್ರಿ. ನಮ್ಮ ಪದ್ಧತಿ."

ಪುಟ್ಟಿ ಕೆದರಿ ಗಾಲಿ ಬಿಗಿದಳು. "ಬ್ಯಾಡವ್ವಾ, ಬಣ್ಣ ಇನ್ನಾ ಹಸಿ ಅದ!" ಎಂದು ಸೂಗಪ್ಪ ಕೂಗಿದ. ಗದ್ದಲದಲ್ಲಿ ಯಾರಿಗೆ ಕೇಳಬೇಕು? ಹುಡುಗರು ಅವನ ಕೊರಳಿಗೆ ಹಾರ ಹಾಕಿ, ಎರಡೂ ಕೈ ಹಿಡಿದು ಕುಣಿಯತೊಡಗಿದ್ದರು. ಸಪ್ನಾ ಹಲಗೆ ಏರಿ ಹಾರಿದಳು. ಚಿತ್ರವಿದ್ದ ಅದರ ಹೊಟ್ಟೆ ಶಹಾಬಾದ್ ಕಲ್ಲಿನ ಅಂಚಿಗೆ ಕರ್ರೆಂದು ಉಜ್ಜಿತು. ಮೊದಲ ಸಲಕ್ಕೆ ರೈಲಿನ ಕೆಂಪು ಹೋಯಿತು, ಎರಡನೇ ಸಲಕ್ಕೆ ಬಿಳಿ. ಮೂರನೇ ಸಲ ಜಾರಿ ಬಂದು ಅವಳು ಹಲಗೆಯನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಹರಿದ ರೈಲಿನ ನಡುವೆ ಒಂದು ನೀಲಿ ಸೆರಗು, ಒಂದು ಗದ್ದ, ಗದ್ದದ ಮೇಲೆ ಮೂರು ಹಚ್ಚೆಚುಕ್ಕಿ. ಮುಂದಿನ ಸಾಲಿನಲ್ಲಿ ಮಗನ ಪಕ್ಕ ಕೂತಿದ್ದ ಅನಸುಬಾಯಿ ಸುಮ್ಮನೆ ತನ್ನ ಗದ್ದ ಮುಟ್ಟಿ ನೋಡಿಕೊಂಡಳು.