ಕೂಡ್ಲಿಗಿಯವರ ಸ್ಪೂಲ್ ಟೇಪು

"ಟೇಪು ಅಂದ್ರ ಬಿಚ್ಚಾಕ ಹೊತ್ತು ಹಿಡಿತತಿ. ಹೋಗಿ ಚಾ ಕುಡದು ಬರ್ರಿ" ಎಂದಳು ಪುಷ್ಪಲತಾ.

"ಇಲ್ಲ ಬಿಡ್ರಿ, ನಾ ಇಲ್ಲೇ ಕುಂದರ್ತೀನಿ" ಎಂದ ಬಂದವನು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಗೋಣಿಚೀಲದ ಮೇಲಿಂದ ಅವನು ಕೈ ಇನ್ನೂ ತೆಗೆದಿರಲಿಲ್ಲ.

"ಯಾಕ?"

"ಹೋದ್ಸಲ ಒಬ್ಬಾತನ ಕೈಯಾಗ ಬಿಟ್ಟು ಹೋಗಿದ್ದೆ. ಒಂದು ವಾಲ್ವ್ ಮಾಯ ಮಾಡ್ಯಾನ."

ಸ್ಕ್ರೂಡ್ರೈವರ್ ಹಿಡಿದ ಅವಳ ಕೈ ಅಲ್ಲೇ ನಿಂತಿತು. "ಅಂದ್ರ ನಾನೂ ಕಳ್ಳಿ?"

"ಅಯ್ಯ, ಹಂಗಲ್ರಿ ಅಕ್ಕಾರ..."

"ಅಕ್ಕಾರ ಅನಬ್ಯಾಡ್ರಿ. ನಿಮ್ಮ ತಲ್ಯಾಗ ನನಗಿಂತ ಬಿಳಿಕೂದಲ ಜಾಸ್ತಿ ಅದಾವ."

ಅವನು ತಲೆ ಸವರಿಕೊಂಡು ನಕ್ಕ. ಮೈಕ್‌ಸೆಟ್ಟಿನವನ ನಗೆ. ನಾಲ್ಕು ಊರಿಗೆ ಕೇಳಿಸುವಂಥದ್ದು. ಎದುರಿನ ಚಹಾದಂಗಡಿಯ ಸೋಮಪ್ಪ ಬಸಿಯಿಂದ ಬಾಯಿ ತೆಗೆದು ಇತ್ತ ನೋಡಿದ. ಪುಷ್ಪಲತಾ ತುಟಿ ಬಿಗಿಹಿಡಿದಳು. ನಗಬಾರದೆಂದು ಬಿಗಿಹಿಡಿದ ತುಟಿ ನಗುವುದಕ್ಕಿಂತ ಹೆಚ್ಚು ಚಾಡಿ ಹೇಳುತ್ತದೆ. ಅದು ಅವಳಿಗೆ ಆಗ ಗೊತ್ತಿರಲಿಲ್ಲ.

ಕೊಟ್ಟೂರಿನ ಆ ಓಣಿಯಲ್ಲಿ 'ಗಂಗಾಧರ್ ರೇಡಿಯೋ ಸರ್ವಿಸ್' ಎಂಬ ಬೋರ್ಡನ್ನು ಕಾಣದವರಿಲ್ಲ. ಗಂಡ ತೀರಿಕೊಂಡಾಗ ಬೋರ್ಡು ಇನ್ನು ಇಳಿಯಿತು ಎಂದುಕೊಂಡಿದ್ದರು ಜನ. ಇಳಿಯಲಿಲ್ಲ. ಅವನ ಪಕ್ಕದಲ್ಲೇ ಕೂತು ಕೆಲಸ ಕಲಿತಿದ್ದ ಪುಷ್ಪಲತಾ ಶಿವಗಣಾರಾಧನೆ ಮುಗಿದ ವಾರವೇ ಶಟರ್ ಎತ್ತಿದಳು. ಮಿಕ್ಸಿ, ಫ್ಯಾನು, ಹೊಲದ ಮೋಟರಿನ ಸ್ಟಾರ್ಟರ್, ಬಂದದ್ದನ್ನೆಲ್ಲ ಹಿಡಿದಳು. ಮಳಿಗೆ ಅತ್ತೆ ಅನ್ನದಾನಮ್ಮನದು. ಅತ್ತೆ ಒಂದು ಮಾತೂ ಆಡಲಿಲ್ಲ. ಆಡಿದವನು ಮೈದುನ ಹಾಲಸ್ವಾಮಿ. ಪಕ್ಕದ ಮಳಿಗೆಯಲ್ಲಿ ಅವನ ಮೊಬೈಲ್ ಅಂಗಡಿ. ನಡುವಿನ ಗೋಡೆ ಒಡೆದರೆ ಎಷ್ಟು ವಿಶಾಲ ಎಂದು ಅವನ ಕಣ್ಣು ದಿನಾ ಅಳೆಯುತ್ತಿತ್ತು.

ಚೀಲದಿಂದ ಹೊರಬಂದದ್ದು ಟ್ರಂಕಿನಷ್ಟು ದೊಡ್ಡ ಮರದ ಪೆಟ್ಟಿಗೆ. ಮೇಲೆ ಎರಡು ಸ್ಪೂಲ್ ಕೂರುವ ಗೂಟ, ಹಾರ್ಮೋನಿಯಂ ಮನೆಗಳಂಥ ಬಿಳಿ ಗುಂಡಿ, ಮುಂದೆ ಗಾಜಿನದೊಂದು ಕುರುಡು ಕಣ್ಣು. ಗಾಜಿನ ಬುರುಡೆಯಂಥ ವಾಲ್ವುಗಳ ಕಾಲದ ಟೇಪ್ ರೆಕಾರ್ಡರ್. ಇಂಥದ್ದನ್ನು ಗಂಡ ರಿಪೇರಿ ಮಾಡುವುದನ್ನು ಒಮ್ಮೆ ನೋಡಿದ್ದಳು, ಅಷ್ಟೆ.

"ಯಾರದು?"

"ನಮ್ಮಪ್ಪಂದು. ಬಯಲಾಟಕ್ಕ ಮೈಕ್ ಕಟ್ಟಾಕ ಹೋದಲ್ಲೆಲ್ಲಾ ಇದನ್ನೂ ಒಯ್ತಿದ್ದ. ಈಗ ನಾ ಮೈಕ್‌ಸೆಟ್ ನಡಸ್ತೀನಿ, ಕೂಡ್ಲಿಗ್ಯಾಗ."

"ಇದರಾಗ ಅಪ್ಪನ ದನಿ ಐತೇನು?"

"ಏನಿಲ್ರಿ. ಬರೇ 'ಹಲೋ ಹಲೋ', ಹಿಂದೊಂದು ಆಡು ಒದರ್ತತಿ. ಅದಕ್ಕಲ್ಲ ನಾ ತಂದಿದ್ದು. ಮೊನ್ನಿ ಗುಜರಿಯಾತ ಇದನ್ನ ತಕ್ಕಡಿಗೆ ಹಾಕಾಕ ಬಂದ. 'ಇದರ ಆಯುಷ್ಯ ಮುಗದತಿ, ಕೊಡಣ್ಣ' ಅಂದ. ಸಿಟ್ಟು ಬಂತು. ಮುಗದತಿ ಅನ್ನಾಕ ಅವ ಯಾರು?"

ಪುಷ್ಪಲತಾ ತಲೆ ಎತ್ತಿ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಅದೇ ಮಾತನ್ನು ಅವಳ ಬಗ್ಗೆಯೂ ಬೇಕಾದಷ್ಟು ಮಂದಿ ಆಡಿದ್ದರು. ಯಾರಿಗೂ ಹೀಗೆ ಸಿಟ್ಟು ಬಂದಿರಲಿಲ್ಲ.

"ಕುಂದರ್ರಿ. ಆದ್ರ ಮೆತ್ತಗ ಮಾತಾಡ್ರಿ. ಇದು ಮೈಕಲ್ಲ, ಕಿವಿ."

ಅವನ ಹೆಸರು ಪಾಲಣ್ಣ.

*

ಅಂದಿನಿಂದ ಮೈಕ್ ಕಟ್ಟುವ ಕೆಲಸವಿಲ್ಲದ ದಿನವೆಲ್ಲ ಪಾಲಣ್ಣ ಕೊಟ್ಟೂರಿನ ಬಸ್ಸು ಹತ್ತಿದ. ಮೊದಮೊದಲು ಕಾವಲು ಕೂರಲು ಬಂದ. ಆಮೇಲೆ ಕೂರುವುದಕ್ಕೇ ಬಂದ.

ಕೆಲಸವೂ ಅವಸರಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಮೇಣ ಸೋರಿದ ಹಳೆಯ ಕಂಡೆನ್ಸರುಗಳನ್ನು ಒಂದೊಂದಾಗಿ ಕಿತ್ತು ಹೊಸವನ್ನು ಬೆಸೆಯಬೇಕು. ಟೇಪು ಓಡಿಸುವ ರಬ್ಬರ್ ಗಾಲಿ ಕಲ್ಲಾಗಿತ್ತು. ಅವಳು ದಪ್ಪ ರಬ್ಬರಿನ ಬಳೆ ಕತ್ತರಿಸಿ, ಗಾಲಿಗೆ ತೊಡಿಸಿ, ಮೋಟರಿಗೆ ಕಟ್ಟಿ ತಿರುಗಿಸುತ್ತ ಪಾಲಿಶ್ ಕಾಗದ ಹಿಡಿದು ನುಣುಪು ಮಾಡಿದಳು. ಅವಳ ಹುಬ್ಬಿನ ಮೇಲೆ ರಬ್ಬರಿನ ಕರಿಪುಡಿ ಕೂತಿತು.

"ಮೇಡಂ, ಹುಬ್ಬಿಗೆ ಕಾಡಿಗಿ ಆಗೇತಿ."

"ಎಲ್ಲಿ?"

ಅವನು ತೋರಿಸಲು ಬೆರಳೆತ್ತಿದ. ಬೆರಳು ಗಾಳಿಯಲ್ಲೇ ಉಳಿಯಿತು. ತನ್ನ ಹುಬ್ಬಿನ ಮೇಲೇ ಇಟ್ಟುಕೊಂಡು, "ಇಲ್ಲಿ" ಎಂದ. ಅವಳು ಸೆರಗಿನಿಂದ ಬೇಕೆಂದೇ ಇನ್ನೊಂದು ಹುಬ್ಬು ಒರೆಸಿದಳು.

"ಅದಲ್ರಿ, ಆ ಕಡೀದು."

"ಇರ್ಲಿ ಬಿಡ್ರಿ. ನೋಡೋರಿಗೆ ಏನ್ ತ್ರಾಸು?"

"ನೋಡೋರಿಗೇ ತ್ರಾಸು" ಎಂದ ಪಾಲಣ್ಣ ಮೆತ್ತಗೆ. ಆ ದನಿ ಅಷ್ಟು ಸಣ್ಣದಾಗಬಲ್ಲದೆಂದು ಅವನಿಗೂ ಗೊತ್ತಿರಲಿಲ್ಲ.

ಕಾಣೆಯಾದ ವಾಲ್ವು ಎಲ್ಲೂ ಸಿಗಲಿಲ್ಲ. ದನಿಯನ್ನು ಹೊರಗೆ ತಳ್ಳುವ ವಾಲ್ವು ಅದು. ಅದಿಲ್ಲದೆ ಪೆಟ್ಟಿಗೆ ಮೂಕ. ಕೊನೆಗೆ ಹಲವಾಗಲಿನ ಶಿವಶಂಕರ ಮೇಷ್ಟ್ರ ಮನೆಯ ಅಟ್ಟದಲ್ಲಿ ಅದೇ ವಾಲ್ವಿನ ಸತ್ತ ರೇಡಿಯೋ ಇದೆಯೆಂದು ತಿಳಿಯಿತು. ವಾಲ್ವನ್ನು ಗುರುತಿಸಿ ಕೀಳಲು ಅವಳೇ ಹೋಗಬೇಕು. ಇಬ್ಬರೂ ಅವನ ಬೈಕಿನಲ್ಲಿ ಹೋದರು. ನಡುವೆ ಸ್ಪಾನರ್ ಚೀಲ ಇಟ್ಟುಕೊಂಡಿದ್ದಳು. ಹೋಗುವಾಗ.

ಬರುವಾಗ ಚೀಲ ಹೆಗಲ ಮೇಲಿತ್ತು. ವಾಲ್ವು ಅವಳ ಅಂಗೈಯಲ್ಲಿ, ಸೆರಗಿನ ತುದಿಯಲ್ಲಿ ಸುತ್ತಿಕೊಂಡು, ಹಕ್ಕಿಮರಿಯ ಹಾಗೆ. ಹೊಳೆಯ ದಂಡೆಯಲ್ಲಿ ಅವನು ಬೈಕು ನಿಲ್ಲಿಸಿ, "ನೀರು ನೋಡೋಣೇನ್ರಿ?" ಎಂದ. ನೋಡಿದರು. ತುಂಗಭದ್ರೆಯ ಗಾಳಿಗೆ ಅವಳ ಕೂದಲು ಬಿಚ್ಚಿಕೊಂಡಿತು, ಅವಳು ಕಟ್ಟಿಕೊಳ್ಳಲಿಲ್ಲ, ಅಷ್ಟೇ.

ಅಷ್ಟೇ ಸಾಕಾಯಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಹರಪನಹಳ್ಳಿಯ ಸರ್ಕಲ್ಲಿನಲ್ಲಿ ಕಂಡ ಯಾರೋ ಹಾಲಸ್ವಾಮಿಗೆ ಫೋನು ಮಾಡಿದರು. ಇವರು ಕೊಟ್ಟೂರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿ, ಚಹಾ ಕುಡಿದು, ಕಾಲು ಚಾಚಿ ಕೂತಿತ್ತು.

*

"ಅತ್ತಿಗಿ, ಅವ್ರ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ಆತ ಇನ್ನ ಈ ಓಣಿಗೆ ಬರಬಾರದು" ಎಂದ ಹಾಲಸ್ವಾಮಿ. "ಬಂದ್ರ ಅಂಗಡಿ ಕೀಲಿ ಅವ್ವನ ಕೈಗೆ ಕೊಡ್ರಿ. ಅಂಗಡಿ ನಮ್ಮಣ್ಣಂದು."

"ಕೆಲಸಾನೂ ನಿಮ್ಮಣ್ಣಂದೇ ಹಾಲಸ್ವಾಮಿ. ಅವ್ರೇ ಕಲಿಸಿದ್ದು. ಅದನ್ನೂ ಕೈಯಿಂದ ಕಿತ್ತುಗೊಳ್ರಿ ನೋಡೋಣ."

ಅನ್ನದಾನಮ್ಮ ಕುಸುಬೆ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು.

"ಆತನ ಹೆಸರೇನು, ಪುಷ್ಪಾ?"

"ಯಾರ್ದತ್ತಿ?"

"ಟೇಪು ತಂದಾನಲ್ಲ, ಅವಂದು."

ಪುಷ್ಪಲತಾ ಬಾಯಿ ತೆರೆದಳು. "ಅವ್ರು... ಕೂಡ್ಲಿಗಿಯವ್ರು."

"ಊರು ಕೇಳಲಿಲ್ಲ ನಾನು." ಅತ್ತೆ ಮೊರ ಕೆಳಗಿಟ್ಟಳು. "ಎಲ್ಲಾ ಗಿರಾಕಿನೂ ಹೆಸರು ಹಿಡಿದು ಕರೀತಿ. ಏ ಹುಲುಗೇಶ ನಿನ್ನ ಫ್ಯಾನ್ ಆತು, ಏ ಪಂಪಮ್ಮ ಮಿಕ್ಸಿ ಒಯ್ಯಿ ಅಂತ ಓಣಿ ತುಂಬ ಒದರ್ತಿ. ಇವ ಒಬ್ಬ ಮಾತ್ರ ಕೂಡ್ಲಿಗಿಯವ್ರು. ಈ ಮನ್ಯಾಗ ನೀ ಹೆಸರು ಹೇಳದಾತ ಒಬ್ಬನ ಇದ್ದ. ಈಗ ಇಬ್ಬರಾದ್ರು."

ಹಾಲಸ್ವಾಮಿಗೆ ತಲೆಬುಡ ತಿಳಿಯಲಿಲ್ಲ. ಹೆಂಗಸರಿಬ್ಬರಿಗೂ ತಿಳಿಯಿತು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ಹಳೆಯ ಕಟ್ಟಳೆ ಮೊಬೈಲು ಬಂದರೂ ಈ ಕಡೆ ಹೋಗಿಲ್ಲ. ಹೇಳಲೇಬೇಕಾದರೆ ಮದುವೆ ಮನೆಯಲ್ಲಿ, ಎಲ್ಲರ ಮುಂದೆ, ಪ್ರಾಸದ ಒಡಪು ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳಬೇಕು. ಪುಷ್ಪಲತಾಳ ನಾಲಿಗೆ ಅವಳನ್ನು ಕೇಳದೆಯೇ ಆ ಕಟ್ಟಳೆ ಹಿಡಿದುಬಿಟ್ಟಿತ್ತು. ಮನಸ್ಸು ಇನ್ನೂ ಹೌದೋ ಅಲ್ಲವೋ ಎನ್ನುತ್ತಿದ್ದಾಗ ನಾಲಿಗೆ ಆಗಲೇ ಅವನ ಮನೆ ಹೊಕ್ಕು ಕೂತಿತ್ತು.

ಮರುದಿನ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ಹೇಳಿ ನೋಡಿದಳು. 'ಪಾ' ಎಂದಳು. ಮುಂದಕ್ಕೆ ಹೋಗಲಿಲ್ಲ. ಮುಖ ಮಾತ್ರ ಕಾದ ಬೆಸುಗೆ ಕಡ್ಡಿಯಷ್ಟು ಬಿಸಿಯಾಯಿತು.

*

ಪಾಲಣ್ಣ ಅದೇ ಗೋಣಿಚೀಲ ಹಿಡಿದು ಬಂದ. ಈ ಸಲ ಚೀಲ ಖಾಲಿ ಇತ್ತು.

"ಟೇಪು ಒಯ್ಯಾಕ ಬಂದೀನ್ರಿ."

"ಆಗಿಲ್ಲ ಇನ್ನೂ. ವಾಲ್ವ್ ಹಾಕೀನಿ, ಕರೆಂಟ್ ಕೊಟ್ಟು ನೋಡಿಲ್ಲ."

"ಆದಷ್ಟ ಸಾಕು. ಸೋಮಪ್ಪ ಎಲ್ಲಾ ಹೇಳ್ಯಾನ. ಒಂದು ಡಬ್ಬಿ ಸಲುವಾಗಿ ನಿಮ್ಮ ಅಂಗಡಿ ಹೋಗೋದು ಬ್ಯಾಡ."

ಅವಳು ಎದ್ದು ನಿಂತಳು. "ಅರ್ಧ ರಿಪೇರಿ ಆಗಿದ್ದು ನನ್ನ ಅಂಗಡಿ ಬಿಟ್ಟು ಹೋಗಂಗಿಲ್ಲ. ಗಿರಾಕಿ ಬೇಕಾದ್ರ ಹೋಗ್ಲಿ."

"ಹೆದರಿ ಹೊಂಟಿಲ್ಲ ನಾನು..."

"ಮತ್ತ? ನನ್ನ ಪರವಾಗಿ ಹೆದರಾಕ ನಿಮಗ ಹೇಳಿದೋರ್ಯಾರು? ಅದು ನನ್ನ ಕೆಲಸ, ನಾನ ಮಾಡಂಗಿಲ್ಲ ಅಂದೀನಿ. ನೀವು ಒಂದ ಮಾತು ಹೇಳ್ರಿ. ಇದು ರೆಡಿ ಆದ ಮ್ಯಾಲೂ ನೀವು ಬರ್ತೀರೋ, ಇಲ್ಲೋ?"

ಪಾಲಣ್ಣ ಚೀಲವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಇದು ರೆಡಿ ಆಗಬಾರದು ಅಂತ ದಿನಾ ಬೇಡ್ಕೋಳಾಕ ಹತ್ತೀನ್ರಿ" ಎಂದ. "ಕೊಟ್ಟೂರು ಬಸ್ಸಿನ ಕಂಡಕ್ಟರ್ ನನ್ನ ಮಾರಿ ನೋಡಿ ನಗ್ತಾನ. ನಮ್ಮವ್ವ ಬೊಮ್ಮಮ್ಮ ಕೇಳಿದ್ಲು, 'ಟೇಪಿಗೆ ಹೊಂಟ್ಯೋ, ಟೇಪು ಮಾಡೋಳಿಗೆ ಹೊಂಟ್ಯೋ' ಅಂತ. ಸುಳ್ಳು ಹೇಳಾಕ ಬರಲಿಲ್ಲ. ಬರ್ತೀನಿ. ಬ್ಯಾಡ ಅನ್ನೋತನಕ ಬರ್ತೀನಿ."

ಅವಳು ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು. "ಹಂಗಾರ ಚೀಲ ಒಗೀರಿ. ಆ ಬಲ್ಬ್ ಕೊಡ್ರಿ ಇತ್ತ."

ಇಷ್ಟು ವರ್ಷ ಮಲಗಿದ ಪೆಟ್ಟಿಗೆಗೆ ಕರೆಂಟನ್ನು ಒಮ್ಮೆಲೇ ಬಿಡಬಾರದು. ನಡುವೆ ಒಂದು ದೊಡ್ಡ ಬಲ್ಬು ಕಟ್ಟಬೇಕು. ಒಳಗೆ ಎಲ್ಲಾದರೂ ತಂತಿ ತಂತಿಗೆ ತಾಗಿದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಅವಳು ಸ್ವಿಚ್ಚು ಒತ್ತಿದಳು. ಬಲ್ಬು ಬೆಳಗಿತು. ಇಬ್ಬರೂ ಉಸಿರು ಬಿಡಲಿಲ್ಲ. ಬಲ್ಬು ಮಂಕಾಯಿತು. ವಾಲ್ವುಗಳ ಒಳಗೆ ಕೆಂಡದ ಎಳೆ ಮೂಡಿತು, ಕಾದ ಧೂಳಿನ ವಾಸನೆ ಎದ್ದಿತು. ಆಮೇಲೆ ಆ ಕುರುಡು ಗಾಜು ಮೆಲ್ಲಗೆ, ನಾಚುತ್ತ, ಹಸಿರಾಗಿ ಕಣ್ಣು ಬಿಟ್ಟಿತು.

ಪಾಲಣ್ಣ ಟೇಪಿನ ಖಾಲಿ ಕೊನೆಗೆ ಸ್ಪೂಲು ತಿರುಗಿಸಿ, ರೆಕಾರ್ಡಿನ ಗುಂಡಿ ಒತ್ತಿ, ಪೆಟ್ಟಿಗೆಯದೇ ಮೈಕ್ ಹಿಡಿದ. "ಹಲೋ. ಮೈಕ್ ಟೆಸ್ಟಿಂಗ್."

ಹಸಿರು ಕಣ್ಣು ಅವನ ದನಿಗೆ ಮಿಟುಕಿತು.

"ನಿಮಗ ಕಣ್ಣು ಹೊಡಿತತಿ ಅದು" ಎಂದಳು.

"ನಾ ನೋಡಿದ್ದು ಅದನ್ನಲ್ಲ. ಈಗ ನೀವು ಮಾತಾಡ್ರಿ."

"ಏನಂತ?"

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಹಾಲಸ್ವಾಮಿ. ಹಿಂದೆ ಓಣಿಯ ನಾಲ್ಕು ಮಂದಿ, ಕೈಯಲ್ಲಿನ ಚಹಾದ ಬಸಿಯನ್ನೂ ಕೆಳಗಿಡದೆ ಬಂದ ಸೋಮಪ್ಪ, ಎಲ್ಲರ ಹಿಂದೆ ಅನ್ನದಾನಮ್ಮ.

"ಹೇಳಿದ್ದು ಕೇಳಿಸಲಿಲ್ಲೇನು ಅತ್ತಿಗಿ?" ಹಾಲಸ್ವಾಮಿಯ ದನಿಗೆ ಹಸಿರು ಕಣ್ಣು ಪಟಪಟನೆ ಬಡಿಯಿತು. "ಇಷ್ಟು ಮಂದಿ ಮುಂದ ಹೇಳಿಬಿಡ್ರಿ. ಇವ ಯಾರು ನಿಮಗ?"

ಸ್ಪೂಲುಗಳು ತಿರುಗುತ್ತಿದ್ದವು. ಪಾಲಣ್ಣ ಒಂದು ಹೆಜ್ಜೆ ಮುಂದೆ ಬಂದ. ಅವಳು ಅವನ ತೋಳು ಹಿಡಿದು ನಿಲ್ಲಿಸಿ, ಮೈಕನ್ನು ಅವನ ಕೈಯಿಂದ ತೆಗೆದುಕೊಂಡಳು. ಸೆರಗು ಸರಿಮಾಡಿಕೊಂಡಳು. ಅವಳಿಗೆ ಹಾಡಲು ಬರುತ್ತಿರಲಿಲ್ಲ. ಆದರೂ ಮದುವೆ ಮನೆಯ ಹೊಸ್ತಿಲಲ್ಲಿ ನಿಂತವಳ ಹಾಗೆ ಗದ್ದ ಎತ್ತಿ, ರಾಗ ಎಳೆದು ಹೇಳಿದಳು:

"ಕೂಡ್ಲಿಗಿ ದಾರ್ಯಾಗ ಬಂತು ಚೀಲ ಉರುಳಿ,
ಕೊಟ್ಟೂರು ಅಂಗಡ್ಯಾಗ ಬಿಚ್ಚಿದೆ ಸುರುಳಿ,
ಮಂಕಾದ ಬಲ್ಬಿನ ಮುಂದ ಹೊಳಿತು ಹಸಿರು ಕಣ್ಣ,
ಹೆಸರ ಕೇಳಾಕ ಬಂದೀರಿ, ಕೇಳ್ರಿ... ಪಾಲಣ್ಣ!"

ಸೋಮಪ್ಪನ ಬಸಿಯಿಂದ ಚಹಾ ಕಾಲ ಮೇಲೆ ಸೋರಿತು, ಅವನಿಗೆ ಅರಿವಾಗಲಿಲ್ಲ. ತಾಳಿ ಕಟ್ಟದ ಗಂಡಸಿನ ಹೆಸರಲ್ಲಿ ಒಡಪು ಹೇಳಿದ ಹೆಂಗಸನ್ನು ಕೊಟ್ಟೂರು ಕಂಡಿರಲಿಲ್ಲ. ಒಡಪು ಹೇಳಿದ ಮೇಲೆ ಇನ್ನು ಕೇಳುವುದು ಏನು ಉಳಿಯಿತು? ಮೈಕ್ ಮುಂದೆ ಹುಟ್ಟಿಬೆಳೆದ ಪಾಲಣ್ಣನ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳುವುದೂ ಹೊಳೆಯಲಿಲ್ಲ.

"ಏನಂದೀ?" ಹಾಲಸ್ವಾಮಿ ಗುಡುಗಿದ. ಅತ್ತಿಗೆಗೆ ಅವನು ಏಕವಚನ ಹಚ್ಚಿದ್ದು ಅದೇ ಮೊದಲು. "ಏನಂದಿ ನೀನು? ಇನ್ನೊಮ್ಮೆ ಹೇಳು ನೋಡೋಣ!"

ಪುಷ್ಪಲತಾ ಹೇಳಲಿಲ್ಲ. ಒಂದು ಗುಂಡಿ ಒತ್ತಿದಳು. ಸ್ಪೂಲುಗಳು ಸರ್ರನೆ ಹಿಂದಕ್ಕೆ ಸುತ್ತಿದವು. ಇನ್ನೊಂದು ಒತ್ತಿದಳು. ಆಯುಷ್ಯ ಮುಗಿಯಿತೆನ್ನಿಸಿಕೊಂಡ ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು. 'ಇವ ಯಾರು ನಿಮಗ?' ಎಂದು ಹಾಲಸ್ವಾಮಿಯ ದನಿಯಲ್ಲೇ ಕೇಳಿತು. ಪುಷ್ಪಲತಾಳ ದನಿಯಲ್ಲಿ, ರಾಗ ತಪ್ಪದೆ, ಉತ್ತರವನ್ನೂ ಹೇಳಿತು. ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಅವ್ವಾ, ಕೀಲಿ ಇಸ್ಕೋ!" ಹಾಲಸ್ವಾಮಿ ತಾಯಿಯ ಕಡೆ ತಿರುಗಿದ.

ಅನ್ನದಾನಮ್ಮ ಮಂದಿಯನ್ನು ಸರಿಸಿಕೊಂಡು ಒಳಗೆ ಬಂದಳು. ಸೊಸೆಯನ್ನು ನೋಡಿದಳು. ಗಂಗಾಧರನ ಬೋರ್ಡು ಇಳಿಸದೆ, ಮನೆಯ ಒಲೆ ಆರಿಸದೆ, ಅತ್ತೆಯ ತಟ್ಟೆಗೆ ರೊಟ್ಟಿ ತಪ್ಪಿಸದೆ ಬಂದ ಸೊಸೆ. ಆ ರೊಟ್ಟಿಯನ್ನು ಅತ್ತೆ ಮರೆತಿರಲಿಲ್ಲ. ಮಗ ಮೊಬೈಲ್ ಅಂಗಡಿಯಿಂದ ಏನು ತಂದುಕೊಟ್ಟಿದ್ದಾನೆಂಬುದನ್ನೂ ಮರೆತಿರಲಿಲ್ಲ.

ಪಾಲಣ್ಣ ಕಾವಲು ಕೂರುತ್ತಿದ್ದ ಸ್ಟೂಲನ್ನು ಎಳೆದುಕೊಂಡು ಮುದುಕಿ ಅದರ ಮೇಲೆ ಭದ್ರವಾಗಿ ಕೂತಳು.

"ಕೀಲಿ ಅಕಿ ಕೈಯಾಗ ಐತಿ, ಅಲ್ಲೇ ಇರ್ಲಿ" ಎಂದಳು. ಆಮೇಲೆ ಕಿವಿಯ ಹಿಂದೆ ಕೈಯಿಟ್ಟು, "ಹೆಸರು ಬಂದಲ್ಲಿ ನನಗ ಸರಿ ಕೇಳಲಿಲ್ಲವ್ವಾ ಪುಷ್ಪಾ. ಇನ್ನೊಮ್ಮೆ ಹಚ್ಚು. ದನಿ ಜೋರು ಇಡು."

ಪುಷ್ಪಲತಾ ಸ್ಪೂಲು ಮತ್ತೆ ಹಿಂದಕ್ಕೆ ಸುತ್ತಿ, ದನಿಯ ಗುಂಡಿ ಹಿಡಿದಳು. ಅವಳ ಬೆರಳುಗಳ ಮೇಲೆ ಪಾಲಣ್ಣ ತನ್ನ ಕೈಯಿಟ್ಟ. ಇಬ್ಬರೂ ಕೂಡಿ ಅದನ್ನು ಕೊನೆಯವರೆಗೂ ತಿರುಗಿಸಿದರು.